ಹೆಣ ತಿರುಗದ ಮೆಟ್ಟಿಲು

ಮನೆ ಕೊಳ್ಳುವುದಾದರೆ ಆ ಮನೆಯಲ್ಲಿ ಸಾವಾದ ದಿನ ಹೋಗಿ ನೋಡಿ. ಬೇರೆ ದಿನ ಹೋದರೆ ಮನೆ ನಿಮಗೆ ಸುಳ್ಳು ಹೇಳುತ್ತದೆ.

ಸಾವಿನ ದಿನ ಯಾರೂ ಪರದೆ ಸರಿಮಾಡುವುದಿಲ್ಲ. ಹೆಣಕ್ಕೆ ಜಾಗ ಮಾಡಲು ಕಪಾಟು ಎಳೆದಿರುತ್ತಾರೆ. ಅದರ ಹಿಂದಿನ ಗೋಡೆಗೆ ಹಿಡಿದ ಬೂಷ್ಟು ಕಣ್ಣಿಗೆ ಬೀಳುತ್ತದೆ. ಬಚ್ಚಲಲ್ಲಿ ನೀರು ಹರಿದು ಹೋಗುತ್ತದೋ ನಿಲ್ಲುತ್ತದೋ ಗೊತ್ತಾಗುತ್ತದೆ, ಏಕೆಂದರೆ ಅಂದು ಸುರಿಯುವಷ್ಟು ನೀರು ಬೇರೆ ದಿನ ಸುರಿಯುವುದಿಲ್ಲ. ಅಕ್ಕಪಕ್ಕದವರು ಎಂಥವರು ಎಂಬುದೂ ಅಂದೇ ಗೊತ್ತಾಗುತ್ತದೆ. ಒಳಗೆ ಬಂದು ಕೂರುವವರು ಯಾರು, ಗೇಟಿನ ಹೊರಗೆ ನಿಂತು ಗಡಿಯಾರ ನೋಡುವವರು ಯಾರು.

ನಾನು ಈ ಊರಿನ ಬಹಳಷ್ಟು ಮನೆಗಳನ್ನು ಹೀಗೇ ನೋಡಿದವಳು. ಸತ್ತ ಹೆಂಗಸರನ್ನು ತೊಳೆದು ಸಿದ್ಧ ಮಾಡುವುದು ನನ್ನ ಕೆಲಸ. ನನ್ನ ಗಂಡ ಮತ್ತು ಮೈದುನ ಹೊರುತ್ತಾರೆ, ಗುಂಡಿ ತೋಡುತ್ತಾರೆ. ನನಗೆ ಕೆಲಸ ಕಲಿಸಿದವಳು ಅತ್ತೆ. ಇಷ್ಟು ಮನೆ ನೋಡಿದ ನಮಗೆ ಒಂದು ಮನೆ ಸಿಗಲಿಲ್ಲ. ಈಗ ಇರುವುದು ಸ್ಮಶಾನದ ಗೋಡೆಗೆ ಒರಗಿದ ತಗಡಿನ ಶೆಡ್ಡಿನಲ್ಲಿ. ನೆರೆಹೊರೆಯವರು ಒಳ್ಳೆಯವರು. ಯಾರೂ ತಕರಾರು ಮಾಡುವುದಿಲ್ಲ.

ಆದರೂ ಬುದ್ಧಿ ಹೇಳುತ್ತೇನೆ. ಬಿಟ್ಟಿ ಬುದ್ಧಿ ಹೇಳಲು ಸ್ವಂತ ಮನೆ ಇರಬೇಕೆಂದೇನೂ ಇಲ್ಲವಲ್ಲ.

ಸತ್ತ ಮೈ ಬದುಕಿದ ಮೈಗಿಂತ ಭಾರ. ಬದುಕಿದವರು ಏಳಿಸುವಾಗ ತಾವೂ ಸ್ವಲ್ಪ ಏಳುತ್ತಾರೆ. ಸತ್ತವರು ಏಳುವುದಿಲ್ಲ. ಮೈ ಬಿಗಿಯುವ ಮುಂಚೆ ದವಡೆ ಕಟ್ಟಬೇಕು, ಕೈ ಮಡಚಬೇಕು, ರೆಪ್ಪೆ ಒತ್ತಿ ಹಿಡಿಯಬೇಕು. ಮಲ, ಮೂತ್ರ, ಹುಣ್ಣು, ಕೀವು. ಹೆತ್ತ ಮಕ್ಕಳು ಮೂಗು ಮುಚ್ಚಿಕೊಂಡು ಆಚೆ ಓಡಿದ್ದನ್ನೆಲ್ಲ ನಾನು ಒರೆಸಬೇಕು. ಉಗುರಿನ ಸಂದು, ಕಿವಿಯ ಹಿಂದೆ, ತೊಡೆಯ ಸಂದು. ಬಗ್ಗಿ ಬಗ್ಗಿ ನನ್ನ ಸೊಂಟ ಈಗ ನೆಟ್ಟಗೆ ನಿಲ್ಲುವುದನ್ನೇ ಮರೆತಿದೆ.

ಕೇಳದೆ ಹೆಣವನ್ನು ಹೊರಳಿಸಬಾರದು. ಅದು ಅತ್ತೆ ಕಲಿಸಿದ ಮೊದಲ ಪಾಠ. "ಅಕ್ಕಾ, ಸ್ವಲ್ಪ ಈ ಕಡೆ ಹೊರಳ್ತೀಯಾ?" ಅಂತ ಕೇಳಿಯೇ ಕೈ ಹಾಕಬೇಕು. ಹಿರಿಯಳಾದರೆ ಅಮ್ಮ, ಕಿರಿಯಳಾದರೆ ಮಗಳೇ. ಬದುಕಿದ್ದಾಗ ನನ್ನನ್ನು ಗೇಟಿನೊಳಗೆ ಬಿಡದವಳನ್ನೂ ನಾನು ಅಕ್ಕ ಅಂದಿದ್ದೇನೆ.

ಎರಡನೆಯ ಪಾಠ, ಹೊರಡುವಾಗ "ಬರ್ತೀನಿ" ಅನ್ನಬಾರದು. ಎಲ್ಲರೂ ಎಲ್ಲ ಮನೆಯಿಂದ ಹೊರಡುವಾಗ ಅದನ್ನೇ ಹೇಳುತ್ತಾರೆ. ಹೋಗ್ತೀನಿ ಅಂದರೆ ಹಿರಿಯರು ಬೈಯುತ್ತಾರೆ, ಬರ್ತೀನಿ ಅನ್ನು ಅಂತ ತಿದ್ದುತ್ತಾರೆ. ನಮಗೆ ಮಾತ್ರ ಆ ಮಾತಿಲ್ಲ. ನಾವು ಮತ್ತೆ ಬರುವುದು ಯಾರಿಗೆ ಬೇಕು? ಕೆಲಸ ಮುಗಿಯಿತೋ, ಬಕೆಟ್ಟು ಬೋರಲು ಹಾಕಿ, ತಲೆ ತಗ್ಗಿಸಿ, ತುಟಿ ಪಿಟಕ್ಕೆನ್ನದೆ ಹೊರಬೀಳಬೇಕು. ಮದುವೆಯಾಗಿ ಈ ಕೆಲಸಕ್ಕೆ ಬಂದ ಮೇಲೆ ಯಾವ ಮನೆಯ ಹೊಸ್ತಿಲಲ್ಲೂ ನಾನು ಬರ್ತೀನಿ ಅಂದಿರಲಿಲ್ಲ. ಅಭ್ಯಾಸ ಎಷ್ಟು ಬೇರೂರಿತ್ತೆಂದರೆ ತವರಿನಿಂದ ಹೊರಡುವಾಗಲೂ ಬಾಯಿ ಕಟ್ಟುತ್ತಿತ್ತು. ಅಮ್ಮ ಅಳುತ್ತಿದ್ದಳು.

ಈ ಶೆಡ್ಡಿಗೆ ಬರುವ ಮುಂಚೆ ನಾವು ಬಾಡಿಗೆಗೆ ಇದ್ದದ್ದು ಒಂದು ಮನೆಯ ಮಹಡಿಯಲ್ಲಿ, ಹಿಂಬದಿಯ ಎರಡು ಕೋಣೆಗಳಲ್ಲಿ. ನಮ್ಮ ಕೆಲಸ ಗೊತ್ತಿದ್ದೇ ಓನರಮ್ಮ ಕೊಟ್ಟಿದ್ದಳು, ಹೆಚ್ಚು ಬಾಡಿಗೆಗೆ, ಯಾರಿಗೂ ಹೇಳಬಾರದೆಂಬ ಷರತ್ತಿನ ಮೇಲೆ. ಎದುರಿಗೆ ಅವಳನ್ನು ಅವರು, ಇವರು, ಬನ್ನಿ, ಹೋಗಿ ಅನ್ನುತ್ತಿದ್ದೆ. ಇಲ್ಲಿ ಅನ್ನುವುದಿಲ್ಲ. ಇದು ನನ್ನ ಕಥೆ.

ಮನೆಯ ಒಳಗಡೆ ಅಗಲವಾದ ಕಲ್ಲಿನ ಮೆಟ್ಟಿಲು ಇತ್ತು. ಅದು ಓನರಮ್ಮನದು. ನಮ್ಮ ಕೋಣೆಯಿಂದ ಆ ಮೆಟ್ಟಿಲಿಗೆ ಒಂದು ಬಾಗಿಲೂ ಇತ್ತು. ನಾವು ಬರುವ ಮುಂಚೆಯೇ ಅದಕ್ಕೆ ಅಡ್ಡ ಹಲಗೆ ಇಟ್ಟು ಮೊಳೆ ಹೊಡೆಸಿದ್ದಳು. ನಾವು ಹತ್ತಿ ಇಳಿಯುವುದು ಹಿತ್ತಲಿನ ಕಬ್ಬಿಣದ ಸುರುಳಿ ಮೆಟ್ಟಿಲಲ್ಲಿ. ನೀರಿನ ಟ್ಯಾಂಕು ತೊಳೆಯುವವರಿಗೆಂದು ಹಾಕಿಸಿದ್ದು. ಗ್ಯಾಸ್ ಸಿಲಿಂಡರ್ ತರುವವನು ಪ್ರತಿ ಸಲ ನಮ್ಮ ವಂಶವನ್ನೆಲ್ಲ ಬೈದುಕೊಂಡೇ ಅದನ್ನು ಹತ್ತುತ್ತಿದ್ದ.

ಅತ್ತೆಗೆ ಕಾಲು ಊದಿತು. ಆಮೇಲೆ ಉಸಿರು ಕಟ್ಟತೊಡಗಿತು. ಹಾಸಿಗೆ ಹಿಡಿದಳು. ಒಂದು ದಿನ ಓನರಮ್ಮ ಮೊದಲ ಸಲ ಆ ಸುರುಳಿ ಮೆಟ್ಟಿಲು ಹತ್ತಿ ಬಂದಳು. ಕೊನೆಯ ಮೆಟ್ಟಿಲಲ್ಲೇ ನಿಂತಳು.

"ಹೇಗಿದಾರೆ ಅಜ್ಜಿ?"

"ಹಾಗೇ ಇದಾರೆ."

"ನೋಡಮ್ಮ, ತಪ್ಪು ತಿಳ್ಕೋಬೇಡ. ಹೆಚ್ಚೂಕಮ್ಮಿ ಆಗೋ ಹಾಗಿದ್ರೆ ಮುಂಚೇನೇ ಆಸ್ಪತ್ರೆಗೆ ಸೇರಿಸ್ಬಿಡಿ. ಇಲ್ಲಿ ಆಗೋದು ಬೇಡ."

"ಏನು ಆಗೋದು ಬೇಡ?"

"ಅದೇ ಅಮ್ಮ... ನಾಳೆ ಈ ಕೋಣೆಗೆ ಯಾರು ಬರ್ತಾರೆ ಹೇಳು ಬಾಡಿಗೆಗೆ? ಆಸ್ಪತ್ರೆಯಿಂದ ಹಾಗೇ ನೇರ ತಗೊಂಡ್ಹೋಗಿ. ಇಲ್ಲಿಗೆ ತರ್ಬೇಡಿ. ನಿಮಗೆ ನಾನೇನು ಹೇಳೋದು, ಗೊತ್ತಿರೋರು."

ಅವಳು ಕೆಳಗಿಳಿದ ಮೇಲೆ ಅತ್ತೆ ಕಣ್ಣು ಬಿಟ್ಟಳು. ಎಲ್ಲ ಕೇಳಿಸಿಕೊಂಡಿದ್ದಳು.

"ಊರಲ್ಲಿ ಎಷ್ಟು ಮನೆ ಬಾಗಿಲಿಂದ ಜನಾನ ಕಳಿಸಿಕೊಟ್ಟಿದೀನಿ ಕಣೇ" ಅಂದಳು. "ನನ್ನ ಯಾವ ಬಾಗಿಲಿಂದ ಕಳಿಸ್ತೀಯ?"

ಗಂಡ ಹೊರಗೆ ಹೋಗಿ ಸುರುಳಿ ಮೆಟ್ಟಿಲನ್ನೇ ನೋಡುತ್ತ ಕುಳಿತ. ಅವನು ಏನು ನೋಡುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅಂಥ ಮೆಟ್ಟಿಲಲ್ಲಿ ಚಟ್ಟ ತಿರುಗುವುದಿಲ್ಲ. ಹೆಣವನ್ನು ಬಟ್ಟೆಯಲ್ಲಿ ಸುತ್ತಿ, ಬೆನ್ನಿಗೆ ಕಟ್ಟಿಕೊಂಡು, ಮೂಟೆಯ ಹಾಗೆ ಇಳಿಸಬೇಕು. ಎಷ್ಟೋ ಜನರನ್ನು ಅವನು ಹಾಗೆ ಇಳಿಸಿದ್ದಾನೆ. ಹೆಣದ ಹಿಮ್ಮಡಿ ಪ್ರತಿ ಮೆಟ್ಟಿಲಿಗೂ ಬಡಿಯುತ್ತದೆ. ಕಬ್ಬಿಣವಾದರೆ ಸದ್ದೂ ಬರುತ್ತದೆ.

"ನಮ್ಮವ್ವನ್ನ ಮೂಟೆ ಮಾಡಲ್ಲ ಕಣೆ" ಅಂದ. "ಮನೆ ತಗೊಳ್ಳೋಣ. ಸಣ್ಣದಾದ್ರೂ ಸರಿ. ಮುಂಬಾಗಿಲು ಇರ್ಲಿ."

ನಮ್ಮ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಸಂಬಳದ ಮೇಲೆ ಬ್ಯಾಂಕಿನವರು ಸಾಲ ಕೊಡಲು ಒಪ್ಪಿದರು. ಬ್ಯಾಂಕು ನಮ್ಮ ಕೆಲಸ ಕೇಳಲಿಲ್ಲ. ದುಡ್ಡಿಗೆ ಮೈಲಿಗೆ ಇಲ್ಲ. ಅವಳು ಫೋನಿನಲ್ಲಿ ಮನೆ ಕೊಳ್ಳುವವರಿಗೆ ಬರೆದ ಬುದ್ಧಿಮಾತುಗಳನ್ನು ಹುಡುಕಿ, ಅಜ್ಜಿಯ ಹಾಸಿಗೆಯ ಪಕ್ಕ ಕುಳಿತು ಜೋರಾಗಿ ಓದಿದಳು. ನೀರು ನೋಡಿ, ಗಾಳಿ ಬೆಳಕು ನೋಡಿ. ಹೊಸ ಬಣ್ಣಕ್ಕೆ ಮರುಳಾಗಬೇಡಿ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ ನೋಡಿ. ಅಕ್ಕಪಕ್ಕದವರನ್ನು ಮಾತಾಡಿಸಿ, ಅವರ ಹಿನ್ನೆಲೆ ತಿಳಿದುಕೊಳ್ಳಿ.

"ಅವರು ನಮ್ಮ ಹಿನ್ನೆಲೆ ತಿಳ್ಕೊಂಡ್ರೆ?" ಅಂದೆ.

"ಅದು ಇದರಲ್ಲಿ ಬರ್ದಿಲ್ಲ" ಅಂದಳು.

"ಅದೆಲ್ಲ ಇರ್ಲಿ" ಅಂದಳು ಅತ್ತೆ. "ಮೆಟ್ಟಿಲು ತಿರುಗೋ ಕಡೆ ಚೌಕ ಇದೆಯಾ ನೋಡಿ. ಬಾಗಿಲು ಅಗಲ ಇದೆಯಾ ನೋಡಿ. ಜೀವ ಹೆಂಗೋ ನುಸುಳ್ಕೊಂಡು ಹೋಗುತ್ತೆ. ಹೆಣ ನುಸುಳಲ್ಲ."

ಮನೆ ನೋಡಲು ಹೊರಟೆವು. ಮೊದಲ ಮನೆಯಲ್ಲಿ ಕೆಲಸ ಏನು ಅಂದರು, ಹೇಳಿದೆವು. ಅಷ್ಟರಲ್ಲೇ ಆ ಮನೆ ಮಾರಾಟವಾಗಿಬಿಟ್ಟಿತ್ತು. ಮಾರಾಟಕ್ಕಿದೆ ಎಂಬ ಬೋರ್ಡು ಮಾತ್ರ ಇವತ್ತಿಗೂ ಅಲ್ಲೇ ನೇತಾಡುತ್ತಿದೆ. ಎರಡನೆಯ ಮನೆಯವನು ನಾವು ನಿಂತಿದ್ದ ಜಾಗಕ್ಕೆ, ನಾವು ನಿಂತಿದ್ದಂತೆಯೇ, ಪೈಪು ಹಿಡಿದು ನೀರು ಬಿಟ್ಟ. ಗಿಡಕ್ಕೆ ಅಂದ. ಅಲ್ಲಿ ಗಿಡ ಇರಲಿಲ್ಲ. ಇನ್ನೊಬ್ಬಳು ನಯವಾಗಿ ಮಾತಾಡಿಸಿ, ಕೊನೆಗೆ, ಹೇಗೂ ಬಂದಿದೀರಲ್ಲ, ನಮ್ಮ ಮಾವನಿಗೆ ಹುಷಾರಿಲ್ಲ, ನಿಮ್ಮ ನಂಬರ್ ಕೊಟ್ಟು ಹೋಗಿ ಅಂದಳು. ಕೊಟ್ಟೆ. ಕೊಡದೆ ಏನು ಮಾಡಲಿ, ಹೊಟ್ಟೆಪಾಡು.

"ನಿಜ ಹೇಳಿದ್ರೆ ಆಗಲ್ಲಮ್ಮ" ಅಂದಳು ಮಗಳು. "ಇನ್ಮೇಲೆ ಅಪ್ಪ ಸಾಗಾಣಿಕೆ ಕೆಲಸದಲ್ಲಿದಾರೆ ಅನ್ನೋಣ. ಸುಳ್ಳಲ್ವಲ್ಲ. ನೀನು ಸ್ವಚ್ಛತಾ ವಿಭಾಗ."

"ನಾನೇನೇ?" ಅಂದಳು ಅತ್ತೆ.

"ನೀನು ನಿವೃತ್ತಿ ಅಜ್ಜಿ."

ಅತ್ತೆ ನಕ್ಕು ನಕ್ಕು ಕೆಮ್ಮಿದಳು. ಅವಳು ಹಾಗೆ ನಕ್ಕದ್ದು ಅದೇ ಕೊನೆ.

ಹೊರಡುವಾಗ ಬರ್ತೀವಿ ಅನ್ನುವುದನ್ನು ಮರೆಯಬಾರದೆಂದು ಮಗಳು ನಮ್ಮಿಬ್ಬರಿಗೂ ಪಾಠ ಮಾಡಿದಳು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ನಾಲಿಗೆ ತೊಡರಿತು. ಕದಿಯಲು ಕಲಿತ ಹಾಗಾಯಿತು.

ದಲ್ಲಾಳಿಯೊಬ್ಬ ಸಿಕ್ಕ. ಅವನು ನಮ್ಮನ್ನು ಕರೆದುಕೊಂಡು ಹೋದದ್ದು ಔಷಧಿ ಅಂಗಡಿಯವನ ಮನೆಗೆ. ಬೀದಿ ತಿರುಗಿದ ಕೂಡಲೇ ನಾನು ನಿಂತುಬಿಟ್ಟೆ. ಆ ಗೇಟು ನನಗೆ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಅವನ ತಾಯಿ ಆ ಮನೆಯ ಮಹಡಿಯಲ್ಲಿ ಸತ್ತಿದ್ದಳು. ಬಹಳ ಕಾಲ ಮಲಗಿದ್ದವಳು. ಬೆನ್ನೆಲ್ಲ ಹುಣ್ಣು. ಹಾಸಿದ ಬಟ್ಟೆ ಮೈಗೆ ಅಂಟಿಕೊಂಡಿತ್ತು. ಅಮ್ಮಾ, ನೋವಾಗುತ್ತಾ, ಸ್ವಲ್ಪ ತಡ್ಕೋ ಅನ್ನುತ್ತ ನಾನು ಅದನ್ನು ಬಿಸಿನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಿದ್ದೆ. ಎಲ್ಲ ಮುಗಿದ ಮೇಲೆ ಔಷಧಿ ಅಂಗಡಿಯವನು ನನ್ನ ಒದ್ದೆ ಕೈಗಳನ್ನು ಹಿಡಿದುಕೊಂಡು ಗೋಳೋ ಎಂದು ಅತ್ತಿದ್ದ. "ನೀವು ನನ್ನ ಪಾಲಿಗೆ ತಾಯಿ ಇದ್ದ ಹಾಗೆ. ನಿಮ್ಮ ಋಣ ತೀರಿಸಕ್ಕಾಗಲ್ಲ" ಅಂದಿದ್ದ. ಬಾಯಾರಿದೆ ಅಂದಾಗ ಅವನ ಮನೆಯವರು ಹಿತ್ತಲಿನ ನಲ್ಲಿ ತೋರಿಸಿದರು. ಕುಡಿದು, ಒಂದು ಮಾತೂ ಆಡದೆ ಹೊರಟಿದ್ದೆ. ಅವನು ಗೇಟಿನವರೆಗೂ ಬಂದಿದ್ದ.

ಈಗ ಅದೇ ಗೇಟು ತೆರೆದು "ಬನ್ನಿ ಬನ್ನಿ" ಅಂದ. ನನ್ನ ಮುಖ ನೋಡಿದ. ಗುರುತು ಹತ್ತಲಿಲ್ಲ. ಸಾವಿನ ಮನೆಯಲ್ಲಿ ನಮ್ಮ ಮುಖ ಯಾರು ನೋಡುತ್ತಾರೆ? ಸೋಫಾದ ಮೇಲೆ ಕೂರಿಸಿದ. ಹೂವಿನ ಚಿತ್ರದ ಕಪ್ಪುಗಳಲ್ಲಿ ಕಾಫಿ ಬಂತು. ಅವರು ಕುಡಿಯುವ ಕಪ್ಪುಗಳೇ. ನಾನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ.

ಮಗಳು ಸಾಗಾಣಿಕೆ, ಸ್ವಚ್ಛತೆ ಎಲ್ಲ ಹೇಳಿದಳು. ಅವನು ಚಿಕ್ಕ ಮನೆ ಸಾಕೆಂದು ಇದನ್ನು ಮಾರುತ್ತಿದ್ದ. ಬೆಲೆ ಒಪ್ಪಿಗೆಯಾಯಿತು. ಗಂಡ ಮುಂಗಡ ಕೊಟ್ಟ.

"ಮಾತು ಅಂದ್ರೆ ಮಾತು" ಅಂದ ಔಷಧಿ ಅಂಗಡಿಯವನು. "ನಾನು ಕೊಟ್ಟ ಮಾತಿಗೆ ತಪ್ಪೋನಲ್ಲ. ಹೋಗಿ, ಮಹಡೀನೂ ಒಂದ್ಸಲ ನೋಡ್ಕೊಂಡು ಬನ್ನಿ."

ಮೇಲೆ ಹೋದೆವು. ಅವನ ತಾಯಿ ಮಲಗಿದ್ದ ಕೋಣೆಗೆ ಹೊಸ ಬಣ್ಣ ಬಳಿದಿತ್ತು. ಕಿಟಕಿಯಿಂದ ಬೆಳಕು ಬೀಳುವ ಜಾಗ ನೋಡಿ, ಅತ್ತೆಯ ಮಂಚ ಇಲ್ಲಿ ಎಂದು ಮನಸ್ಸಿನಲ್ಲೇ ಹಾಕಿಬಿಟ್ಟೆ. ಹಿಂತಿರುಗಿ ನೋಡಿದರೆ ಗಂಡ ಪಕ್ಕದಲ್ಲಿಲ್ಲ.

ಅವನು ಆಗಲೇ ಇಳಿಯುತ್ತಿದ್ದ. ಹಿಂದುಹಿಂದಾಗಿ ಇಳಿಯುತ್ತಿದ್ದ. ಮುಖ ಮೇಲಕ್ಕೆ, ಬೆನ್ನು ಕೆಳಕ್ಕೆ. ಎರಡು ಕೈ ಹೆಗಲಿನ ಎತ್ತರಕ್ಕೆ ಎತ್ತಿ, ಇಲ್ಲದ ಬಿದಿರನ್ನು ಹಿಡಿದುಕೊಂಡಿದ್ದ. ಹಿಮ್ಮಡಿಯಿಂದ ಒಂದೊಂದು ಮೆಟ್ಟಿಲು ತಡವಿ ಕಾಲಿಡುತ್ತಿದ್ದ. ತಿರುವಿಗೆ ಬಂದ. ಎಡಗಡೆ ವಾಲಿದ. ಮೇಲೆ ಯಾರೂ ಇರಲಿಲ್ಲ, ಆದರೂ ಹೇಳಿದ: "ಎತ್ತರಿಸು... ಇನ್ನೂ ಎತ್ತರಿಸು... ಗೋಡೆ ನೋಡ್ಕೋ... ಹಾಂ, ತಿರುಗ್ತು."

ನನಗೆ ಕೂಗಬೇಕೆನ್ನಿಸಿತು. ಆಗಲಿಲ್ಲ. ಅವನ ಕಣ್ಣು ತುಂಬಿತ್ತು. ಅವನು ತನ್ನ ಅವ್ವನನ್ನು ಇಳಿಸುತ್ತಿದ್ದ.

ಕೆಳಗೆ ಔಷಧಿ ಅಂಗಡಿಯವನು ನಿಂತಿದ್ದ. ಮುಖ ನೋಡಿ ಗುರುತು ಹಿಡಿಯದವನು ಬೆನ್ನು ನೋಡಿ ಗುರುತು ಹಿಡಿದ.

"ನಮ್ಮಮ್ಮನ್ನ ಇಳಿಸಿದ್ದು... ನೀವಲ್ವಾ?"

ನನ್ನ ಗಂಡ ತಿರುಗಿ ನೋಡಿದ. ಮುಖ ಅರಳಿತು. ಮಾಡಿದ ಕೆಲಸವನ್ನು ಯಾರೋ ನೆನಪಿಟ್ಟುಕೊಂಡಿದ್ದಾರೆ ಎಂದುಕೊಂಡ ಆ ಪುಣ್ಯಾತ್ಮ.

"ಹೌದು ಸ್ವಾಮಿ, ನಾವೇ. ಇದೇ ಮೆಟ್ಟಿಲು. ಅವತ್ತೂ ಚೆನ್ನಾಗಿ ತಿರುಗಿತ್ತು."

ಔಷಧಿ ಅಂಗಡಿಯವನ ದೃಷ್ಟಿ ಮೇಜಿನ ಮೇಲಿನ ಕಪ್ಪುಗಳತ್ತ ಹೋಯಿತು. ಮಗಳು "ಬರ್ತೀವಿ ಅಂಕಲ್" ಅಂತ ಜೋರಾಗಿ ಹೇಳಿ ನನ್ನನ್ನು ತಿವಿದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿದೆ. ನುಂಗಿಕೊಂಡೆ.

ಮರುದಿನ ದಲ್ಲಾಳಿ ಮುಂಗಡವನ್ನು ಹಿಂದಕ್ಕೆ ತಂದ.

"ಅವರಿಗೇನೂ ಇಲ್ವಂತಮ್ಮ. ಅಕ್ಕಪಕ್ಕದವರು ಒಪ್ತಿಲ್ವಂತೆ. ಬೆಳಿಗ್ಗೆ ಎದ್ರೆ ನಿಮ್ಮ ಮುಖ ನೋಡ್ಬೇಕಲ್ಲ ಅಂತಾರಂತೆ. ಚಟ್ಟ ಎಲ್ಲಿ ನಿಲ್ಲಿಸ್ತಾರೆ, ಕಾರಿನ ಪಕ್ಕಾನಾ ಅಂತ ಒಬ್ಬರು ಕೇಳಿದ್ರಂತೆ."

"ನಾಳೆ ಅವರ ಮನೆಗೂ ನಾವೇ ತಾನೆ ಹೋಗ್ಬೇಕಾದ್ದು?"

"ಅದಕ್ಕೇ ಅಮ್ಮ. ಅದಕ್ಕೇ ಅವರಿಗೆ ಭಯ." ದಲ್ಲಾಳಿ ಬಾಯಿಬಡುಕ. ಕೇಳದಿದ್ದರೂ ಇನ್ನೊಂದು ಹೇಳಿದ. "ಆ ಕಪ್ಪುಗಳನ್ನ ಎಸೆದ್ಬಿಟ್ರಂತೆ. ಒಳ್ಳೆ ಸೆಟ್ಟು ಹಾಳಾಯ್ತು ಅಂತ ಬೇಜಾರು ಮಾಡ್ಕೊಂಡ್ರು ಪಾಪ."

ಪಾಪ!

ನಾನು ನೆಟ್ಟಗೆ ಔಷಧಿ ಅಂಗಡಿಗೆ ಹೋದೆ. ಅವನು ಮಾತ್ರೆಯ ಹಾಳೆಯನ್ನು ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ.

"ಅವತ್ತು ತಾಯಿ ಅಂದಿದ್ರಿ" ಅಂದೆ.

"ಅದು ಬೇರೆ, ಇದು ಬೇರೆ ಅಮ್ಮ."

"ನಿನ್ನೆ ಮಾತು ಅಂದ್ರೆ ಮಾತು ಅಂದ್ರಿ."

"ಮನೆ ಮಾರೋದೇ ಬೇಡ ಅಂತ ಮಾಡಿದೀನಿ." ಆಮೇಲೆ ಧ್ವನಿ ತಗ್ಗಿಸಿದ. "ನೀವೂ ಸ್ವಲ್ಪ ಅರ್ಥ ಮಾಡ್ಕೋಬೇಕು. ಗಿರಾಕಿ ನಿಂತಿದಾರೆ, ದಾರಿ ಬಿಡಿ."

ಅರ್ಥ ಮಾಡಿಕೊಳ್ಳುವುದು ಯಾವಾಗಲೂ ನಮ್ಮ ಪಾಲಿಗೆ ಬರುತ್ತದೆ. ಅವರಿಗೆ ಮನೆ ಬರುತ್ತದೆ. ನನ್ನ ಮೈಯೆಲ್ಲ ಉರಿಯಿತು. ಅವನ ತಾಯಿಯ ಬೆನ್ನಿನಿಂದ ಬಿಡಿಸಿದ ಬಟ್ಟೆಯ ವಾಸನೆ ನನ್ನ ಮೂಗಿನಲ್ಲಿ ಎಷ್ಟೋ ದಿನ ಇತ್ತು. ನಾನು ಯಾವ ಕಪ್ಪನ್ನೂ ಎಸೆದಿರಲಿಲ್ಲ.

ಆ ದಿನ ಮೈದುನ ಕೂಗಾಡಿದ. "ಆ ಬೀದಿಗೆ ಇನ್ನು ಕಾಲಿಡಲ್ಲ. ಅವರ ಹೆಣ ಅವರೇ ತೊಳ್ಕೊಳ್ಲಿ. ನಾರ್ಲಿ ಬಿಡಿ." ಗಂಡ ಹೂಂ ಅಂದ. ನಾನೂ ಹೂಂ ಅಂದೆ.

ಅತ್ತೆ ಕೈ ಎತ್ತಿದಳು. ಅವಳ ಮಾತು ಆಗಲೇ ಉಸಿರಿನ ನಡುವೆ ತುಂಡು ತುಂಡಾಗಿ ಬರುತ್ತಿತ್ತು.

"ಹೆಣದ ಮೇಲೆ ಸಿಟ್ಟು ತೀರಿಸ್ಕೋಬೇಡಿ. ಯಾವ ಹೆಣಾನೂ ನಮ್ಮನ್ನ ಆಚೆ ಹೋಗು ಅಂದಿಲ್ಲ. ಅನ್ನೋರು ಬದುಕಿರೋರು. ಸಿಟ್ಟು ಅವರ ಮೇಲಿರ್ಲಿ."

ಒಂದು ಬೆಳಿಗ್ಗೆ ಮಗಳು ತಲೆ ಬಾಚುತ್ತಿದ್ದಾಗ ಅತ್ತೆ ಹೋದಳು. ಬಾಚಣಿಗೆ ಕೂದಲಲ್ಲೇ ಇತ್ತು. ಮಗಳು ಚೀರಿದಳು. ಆ ಚೀರು ಕೆಳಗೆ ಕೇಳಿಸಿತು. ಓನರಮ್ಮ ಹಿತ್ತಲಿಗೆ ಓಡಿಬಂದು, ಮೆಟ್ಟಿಲ ಬುಡದಿಂದಲೇ ಪಿಸುಪಿಸು ಕೂಗಿದಳು.

"ಜೋರಾಗಿ ಅಳ್ಬೇಡಿ! ಬೇಗ ಹಿಂದಿಂದ ಇಳಿಸ್ಬಿ‌ಡಿ. ಮುಖಕ್ಕೂ ಬಟ್ಟೆ ಸುತ್ತಿ. ಯಾರಾದ್ರೂ ಕೇಳಿದ್ರೆ ಹಳೇ ಹಾಸಿಗೆ ಅನ್ನಿ."

ಹಳೇ ಹಾಸಿಗೆ.

ನಾನು ನೀರು ಕಾಯಿಸಿದೆ. ಅಷ್ಟು ಹೆಂಗಸರನ್ನು ತೊಳೆದ ಕೈ, ಅವಳ ಮೈ ಮುಟ್ಟಲು ಹಿಂಜರಿಯಿತು. "ಅತ್ತೆ, ಸ್ವಲ್ಪ ಈ ಕಡೆ ಹೊರಳ್ತೀರಾ?" ಅಂದೆ. ಹೊರಳಿಸಿದೆ. ಬೆನ್ನು ತೊಳೆದೆ. ಜೀವಮಾನವೆಲ್ಲ ನೀರಲ್ಲಿ ನೆನೆದ ಅವಳ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು. ಅವು ಎಂದೂ ಸರಿಹೋಗಿರಲಿಲ್ಲ. ಒಂದೊಂದೇ ಬೆರಳು ಒರೆಸಿದೆ. ದವಡೆ ಕಟ್ಟಿದೆ. ಅವಳು ಕಲಿಸಿದ ಗಂಟನ್ನೇ ಹಾಕಿದೆ. ಮುಖಕ್ಕೆ ಬಟ್ಟೆ ಸುತ್ತಲಿಲ್ಲ.

ಮೈದುನ ಚಟ್ಟ ಕಟ್ಟಿದ. ಗಂಡ ಸುರುಳಿ ಮೆಟ್ಟಿಲ ತಲೆಯಲ್ಲಿ ನಿಂತಿದ್ದ. ಬೆನ್ನಿಗೆ ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆ ಅವನ ಕೈಯಲ್ಲಿತ್ತು. ಅದನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ, ಮಡಚುತ್ತಿದ್ದ.

"ಬೇರೆ ದಾರಿ ಇಲ್ಲ ಕಣೆ" ಅಂದ.

"ಇದೆ" ಅಂದೆ.

ಬಟ್ಟೆ ಕಿತ್ತುಕೊಂಡು ಮೂಲೆಗೆ ಎಸೆದೆ. ಮೈದುನ ಗುಂಡಿ ತೋಡುವ ಹಾರೆ ಗೋಡೆಗೆ ಒರಗಿತ್ತು. ತೆಗೆದುಕೊಂಡೆ. ಅಡ್ಡ ಹಲಗೆ ಬಡಿದ ಬಾಗಿಲ ಮುಂದೆ ಹೋಗಿ ಸಂದಿಗೆ ಹಾರೆ ಕೊಟ್ಟು ಮೀಟಿದೆ. ಮೊಳೆ ಕಿರ್ರ್ ಅಂದಿತು. ಮತ್ತೆ ಮೀಟಿದೆ. ಸೊಂಟ ಕಳಚಿ ಬೀಳುವ ಹಾಗಾಯಿತು. ಬೀಳಲಿ. ಹಲಗೆ ಸೀಳಿತು. ಇನ್ನೊಂದು ಹಲಗೆ. ಬಾಗಿಲ ಆಚೆ ಓನರಮ್ಮ ಚಪ್ಪಲಿಯ ಗೂಡು ಇಟ್ಟಿದ್ದಳು. ಗಂಡ ಬಂದು ಹೆಗಲು ಕೊಟ್ಟ. ಗೂಡು ಉರುಳಿತು. ಅವಳ ಮನೆಯವರ ಚಪ್ಪಲಿ, ಬೂಟು ಎಲ್ಲ ಮೆಟ್ಟಿಲು ಇಳಿದು ಹೋದವು.

ಅಗಲವಾದ ಮೆಟ್ಟಿಲು. ತಿರುವಿನಲ್ಲಿ ಒಳ್ಳೆಯ ಚೌಕ. ಮಂಚವೇ ತಿರುಗುವಷ್ಟು ಚೌಕ. ಇಷ್ಟು ವರ್ಷವೂ ಅದು ನಮ್ಮ ಗೋಡೆಯ ಆಚೆಗೇ ಇತ್ತು.

ನಾಲ್ಕು ಹೆಗಲು ಬೇಕು. ಗಂಡ, ಮೈದುನ, ಮಗಳು, ನಾನು. ಎತ್ತಿದೆವು. ಗಂಡ ಹಿಂದುಹಿಂದಾಗಿ ಇಳಿದ. ಈ ಸಲ ಕೈಯಲ್ಲಿ ಬಿದಿರು ಇತ್ತು. "ಎತ್ತರಿಸು... ಗೋಡೆ ನೋಡ್ಕೋ..."

ಕೆಳಗೆ ಓನರಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು.

"ಇದು ನನ್ನ ಮನೆ! ನನ್ನ ಮನೆ ಒಳಗಿಂದ ಹೆಣ ತಗೊಂಡ್ಹೋಗ್ತೀರಾ?"

"ಹೌದಮ್ಮ, ನಿಮ್ಮನೇನೇ" ಅಂದೆ. "ನಿಮ್ದೇನೂ ತಗೊಂಡ್ಹೋಗ್ತಿಲ್ಲ. ನಮ್ಮತ್ತೇನ ಮಾತ್ರ."

"ಪೊಲೀಸರನ್ನ ಕರೀತೀನಿ!"

"ಕರೀರಿ. ಹೆಗಲು ಸಾಲ್ತಿಲ್ಲ ನಮಗೆ."

ನಾನು ಅವಳನ್ನು ತಳ್ಳಲಿಲ್ಲ. ಹೆಣ ಹತ್ತಿರ ಬಂದರೆ ಜನ ತಾವೇ ಸರಿಯುತ್ತಾರೆ. ಅವಳು ಗೋಡೆಗೆ ಅಂಟಿಕೊಂಡು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅತ್ತೆಯ ಮೈಯಿಂದ ಸೋಪಿನ ವಾಸನೆ ಮಾತ್ರ ಬರುತ್ತಿತ್ತು. ಮುಂಬಾಗಿಲು ದಾಟಿದೆವು. "ಇವತ್ತೇ ಖಾಲಿ ಮಾಡಿ!" ಎಂಬ ಕೂಗು ಬೆನ್ನ ಹಿಂದೆ ಬಂತು. ಎಲ್ಲಿಗೆ ಹೋಗುವುದೆಂದು ಗೊತ್ತಿರಲಿಲ್ಲ. ಆದರೆ ಅತ್ತೆ ಬಾಗಿಲಿನಿಂದ ಹೊರಟಳು, ಮುಖ ತೆರೆದುಕೊಂಡು, ಹಗಲು ಬೆಳಕಿನಲ್ಲಿ.

ಸ್ಮಶಾನದ ದಾರಿ ಔಷಧಿ ಅಂಗಡಿಯವನ ಬೀದಿಯಲ್ಲೇ ಹೋಗುತ್ತದೆ. ದೂರದ ದಾರಿಯಲ್ಲಿ ನಡುವೆ ಒಮ್ಮೆ ಇಳಿಸಿ ಹೆಗಲು ಬದಲಾಯಿಸುವುದು ಹೊರುವವರ ಪದ್ಧತಿ. ಎಲ್ಲಿ ಇಳಿಸುವುದೆಂದು ಹೊರುವವರೇ ಹೇಳಬೇಕು. ನಮ್ಮದಾಗಬೇಕಿದ್ದ ಆ ಮನೆಯ ಗೇಟಿನ ಮುಂದೆ ಬಂದಾಗ ನಾನು ಹೇಳಿದೆ: "ಇಲ್ಲಿ."

ಗಂಡ ನನ್ನ ಮುಖ ನೋಡಿದ. ಅತ್ತೆಯನ್ನು ಮೆತ್ತಗೆ ಇಳಿಸಿದೆವು.

ಔಷಧಿ ಅಂಗಡಿಯವನು ಗೇಟಿಗೆ ಬಂದ. ಚಿಲಕದ ಮೇಲೆ ಕೈ ಇಟ್ಟು, ಒಳಗಡೆಯೇ ನಿಂತ. ಎದುರುಮನೆಯ ಕಿಟಕಿಗಳಲ್ಲಿ, ಪಕ್ಕದ ಮನೆಯ ಬಾಲ್ಕನಿಯಲ್ಲಿ ಜನ ಕಾಣಿಸಿಕೊಂಡರು. ನಮ್ಮ ಮುಖವನ್ನು ಬೆಳಿಗ್ಗೆ ಎದ್ದು ನೋಡಲಾರದವರು.

"ಇಲ್ಲಿ ಯಾಕಮ್ಮ ಇಳಿಸಿದ್ರಿ?" ಅಂದ ಅವನು. "ಮುಂದೆ ಎಲ್ಲಾದ್ರೂ..."

"ನಮ್ಮತ್ತೆ. ನಿಮ್ಮನೇಲಿ ಇರ್ಬೇಕಾಗಿತ್ತು. ನೋಡ್ಕೊಂಡು ಹೋಗ್ಲಿ ಅಂತ."

ಅವನು ಅತ್ತೆಯ ಮುಖ ನೋಡಲಿಲ್ಲ. ನೆಲ ನೋಡಿದ. ನಾವು ಹೆಗಲು ಬದಲಾಯಿಸಿದೆವು. ಬಲದವರು ಎಡಕ್ಕೆ, ಎಡದವರು ಬಲಕ್ಕೆ. ಎತ್ತಿದೆವು.

"ಆಯ್ತಲ್ಲ, ಹೊರಡಿ" ಅಂದ.

ಬಿದಿರು ನನ್ನ ಹೆಗಲಿನ ಮೂಳೆಗೆ ಒತ್ತುತ್ತಿತ್ತು. ಅತ್ತೆ ಹೇಳಿದ್ದು ನೆನಪಿತ್ತು. ಹೆಣದ ಮೇಲೆ ಸಿಟ್ಟು ಬೇಡ. ಸಿಟ್ಟು ಬದುಕಿರುವವರ ಮೇಲಿರಲಿ. ಅವರ ಮೇಲೆ ಎಸೆಯಲು ನನ್ನ ಹತ್ತಿರ ಕಲ್ಲಿರಲಿಲ್ಲ, ಕಪ್ಪೂ ಇರಲಿಲ್ಲ. ಜೀವಮಾನವೆಲ್ಲ ನುಂಗಿಟ್ಟುಕೊಂಡಿದ್ದ ಒಂದು ಮಾತು ಇತ್ತು. ತಲೆ ಎತ್ತಿದೆ. ಅವನ ಕಣ್ಣಲ್ಲಿ ಕಣ್ಣಿಟ್ಟೆ. ಈ ಸಲ ನಾಲಿಗೆ ತೊಡರಲಿಲ್ಲ.

"ಬರ್ತೀನಿ" ಅಂದೆ.

ಚಿಲಕದ ಮೇಲಿದ್ದ ಅವನ ಕೈ ಬಿಳಿಚಿತು. ಎದುರುಮನೆಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ. ಬಾಲ್ಕನಿಗೂ ಹೇಳಿದೆ. ಒಂದೊಂದಾಗಿ ಕಿಟಕಿಗಳು ಮುಚ್ಚಿಕೊಂಡವು. ನಡೆಯುತ್ತ ನಡೆಯುತ್ತ, ಬೀದಿ ಮುಗಿಯುವವರೆಗೂ, ಪ್ರತಿ ಗೇಟಿಗೂ ಹೇಳಿದೆ.

ಬರುತ್ತೇನೆ. ಕೇಳಿಯೇ ಹೊರಳಿಸುತ್ತೇನೆ, ಬೆನ್ನೂ ತೊಳೆಯುತ್ತೇನೆ. ಅವರ ಹಾಗೆ ಕೊಟ್ಟ ಮಾತಿಗೆ ತಪ್ಪುವವಳಲ್ಲ ನಾನು.